ಹಳೆಯ ಪವರ್ ಕಟಮರನ್ ಕೊಳ್ಳುವ ಮುನ್ನ: ನಿವೃತ್ತ ದಂಪತಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರದಲ್ಲಿ ದುಡಿದು ನಿವೃತ್ತರಾದ ರಾಯಚೂರಿನ ಮಿತ್ರರೊಬ್ಬರು ಹೋದ ಬೇಸಿಗೆಯಲ್ಲಿ ಬಳ್ಳಾರಿಯ ನಮ್ಮ ಮನೆಗೆ ಬಂದರು. ಫ್ಲೋರಿಡಾದಲ್ಲಿ ಮಾರಾಟಕ್ಕಿದ್ದ ಪವರ್ ಕಟಮರನ್ ಎಂಬ ಜೋಡಿ ಒಡಲಿನ ಎಂಜಿನ್ ದೋಣಿಯೊಂದರ ನಲವತ್ತು ಚಿತ್ರಗಳನ್ನು ಮೇಜಿನ ಮೇಲೆ ಹರಡಿ, "ಹ್ಯಾಂಗದ ನೋಡ್ರಿ ಸರ್" ಎಂದರು. ಬಿಳಿ ಸೋಫಾ, ಅಡುಗೆಮನೆಯ ನುಣುಪಾದ ಕಲ್ಲು, ಮೂರು ಮಲಗುವ ಕೋಣೆಗಳು, ಸೂರ್ಯಾಸ್ತ ಎಲ್ಲವೂ ಇದ್ದವು. ಎಂಜಿನ್ನಿನ ಚಿತ್ರ ಒಂದೇ ಒಂದಿತ್ತು, ಅದೂ ಮುಚ್ಚಳ ಹಾಕಿದ್ದು. ದೋಣಿ ಪಕ್ಕದಿಂದ ಕಾಣುವ, ನೀರು ಅದರ ಒಡಲನ್ನು ಎಲ್ಲಿ ಮುಟ್ಟುತ್ತಿದೆ ಎಂದು ತೋರುವ ಚಿತ್ರ ಒಂದೂ ಇರಲಿಲ್ಲ. ನನಗೆ ಬೇಕಾಗಿದ್ದುದು ಆ ಎರಡೇ.

ನಾನು ಸಿರುಗುಪ್ಪದವನು. ಇಪ್ಪತ್ತೊಂಬತ್ತು ವರ್ಷ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಕಳೆದು, ಈಗ ವರ್ಷದ ಅರ್ಧವನ್ನು ಬಳ್ಳಾರಿಯಲ್ಲಿ, ಉಳಿದರ್ಧವನ್ನು ಮಗಳಿರುವ ಫ್ಲೋರಿಡಾದಲ್ಲಿ ಕಳೆಯುತ್ತೇನೆ. ನಾನೂ ನನ್ನ ಮನೆಯವರೂ ಅಲ್ಲಿ 36 ಅಡಿಯ ಹಳೆಯ ಪವರ್ ಕಟಮರನ್ ಒಂದರಲ್ಲಿ ಆರು ಚಳಿಗಾಲ ಓಡಾಡಿದ್ದೇವೆ. ನಮ್ಮ ಕಡೆಯವರಲ್ಲಿ ಇಂಥ ಆಸೆ ಇಟ್ಟುಕೊಂಡವರು ಹೆಚ್ಚುತ್ತಿದ್ದಾರೆ. ಮಕ್ಕಳು ಹೊರದೇಶದಲ್ಲಿ ನೆಲೆಸಿದ್ದಾರೆ, ಕೈಯಲ್ಲಿ ಒಂದಿಷ್ಟು ಉಳಿತಾಯವಿದೆ, ಮೊಣಕಾಲು ಇನ್ನೂ ಕೈಕೊಟ್ಟಿಲ್ಲ. ಅವರಿಗಾಗಿ ಈ ಬರಹ.

ಕಟಮರನ್ ಎಂಬ ಹೆಸರು ತಮಿಳಿನ ಕಟ್ಟುಮರದಿಂದ ಹೋದದ್ದು, ಎಂದರೆ ನಮಗೆ ಅರ್ಥ ಹೇಳಬೇಕಾದದ್ದೇ ಇಲ್ಲ. ಎರಡು ಸಪೂರ ಒಡಲುಗಳನ್ನು ಅಗಲವಾಗಿ ದೂರವಿಟ್ಟು, ನಡುವೆ ಬ್ರಿಡ್ಜ್‌ಡೆಕ್ ಎಂಬ ಸೇತುವೆಯಂಥ ನೆಲವನ್ನು ಕೂರಿಸಿ, ಒಂದೊಂದು ಒಡಲಿನೊಳಗೂ ಒಂದೊಂದು ಎಂಜಿನ್ ಇಟ್ಟರೆ ಅದು ಪವರ್ ಕಟಮರನ್. ಒಂದೇ ಒಡಲಿನ ದೋಣಿಯಂತೆ ಇದು ಅಡ್ಡಕ್ಕೆ ಹೊಯ್ದಾಡುವುದಿಲ್ಲ, ಕಡಿಮೆ ನೀರಿನಲ್ಲಿ ತೇಲುತ್ತದೆ, ಒಂದು ಎಂಜಿನ್ ನಿಂತರೂ ಮನೆ ಸೇರಿಸುತ್ತದೆ. ವಯಸ್ಸಾದವರಿಗೆ ಇದು ಹೇಳಿ ಮಾಡಿಸಿದಂತಿರುವುದು ಈ ಮೂರು ಕಾರಣಗಳಿಗೆ. ಆದರೆ ಇದಕ್ಕೆ ಒಂದು ದೌರ್ಬಲ್ಯವಿದೆ: ಭಾರ. ಆನೆಗೊಂದಿಯ ಹರಿಗೋಲಿನ ಅಂಬಿಗ ಇನ್ನೊಬ್ಬ ಪ್ರಯಾಣಿಕ ಕಾಲಿಡುವಾಗ ಅವನ ಮುಖವನ್ನಲ್ಲ, ಅಂಚಿನ ಬಳಿಗೆ ಏರುವ ನೀರನ್ನು ನೋಡುತ್ತಾನೆ. ಹಳೆಯ ಕಟಮರನ್ ನೋಡಲು ಹೋಗುವವನಿಗೂ ಆ ಕಣ್ಣೇ ಬೇಕು.

ಮೊದಲ ಹೆಜ್ಜೆ: ಎಲ್ಲಿ ಓಡಿಸುತ್ತೀರಿ

ದೋಣಿ ಹುಡುಕುವ ಮುನ್ನ ನೀರನ್ನು ಆರಿಸಿಕೊಳ್ಳಬೇಕು. ಅಮೆರಿಕದ ಪೂರ್ವ ಕರಾವಳಿಯಲ್ಲಿ ನಾರ್ಫೋಕ್‌ನಿಂದ ಮಯಾಮಿಯವರೆಗೆ ಸುಮಾರು 1,100 ಮೈಲಿ ಉದ್ದಕ್ಕೂ ಒಳನಾಡಿನ ಜಲಮಾರ್ಗವಿದೆ. ಇಂಟ್ರಾಕೋಸ್ಟಲ್ ವಾಟರ್‌ವೇ ಎನ್ನುತ್ತಾರೆ. ಅಲ್ಲಿ ಅಲೆಯ ಕಾಟ ಕಡಿಮೆ, ಹೂಳಿನ ಕಾಟ ಹೆಚ್ಚು. ಮೂರು ಅಡಿ ನೀರಿನಲ್ಲಿ ತೇಲುವ ಕಟಮರನ್‌ಗೆ ಅದು ಸಲೀಸಾದ ದಾರಿ. ಮಹಾ ಸರೋವರಗಳನ್ನೂ ಮಿಸಿಸಿಪ್ಪಿ ಕಡೆಯ ನದಿಗಳನ್ನೂ ಸೇರಿಸಿ ಸುತ್ತು ಹಾಕುವ ಗ್ರೇಟ್ ಲೂಪ್ ಸುಮಾರು 6,000 ಮೈಲಿಯದು. ಆ ದಾರಿಯಲ್ಲಿ ಶಿಕಾಗೋ ಸಮೀಪದ ಒಂದು ಸ್ಥಿರ ಸೇತುವೆಯ ಕೆಳಗೆ ನೀರಿನಿಂದ ಸುಮಾರು 19 ಅಡಿ 6 ಇಂಚು ಮಾತ್ರ ಜಾಗವಿರುತ್ತದೆ. ನಿಮ್ಮ ದೋಣಿಯ ಫ್ಲೈಬ್ರಿಡ್ಜ್ (ಛಾವಣಿಯ ಮೇಲೆ ಕುಳಿತು ದೋಣಿ ಓಡಿಸುವ ಅಟ್ಟ) ಮತ್ತು ಅದರ ಮೇಲಿನ ಕಂಬ ಅಷ್ಟಕ್ಕೆ ಇಳಿಯದಿದ್ದರೆ ಆ ಸುತ್ತು ನಿಮಗಿಲ್ಲ. ಮಾರುವವರು ಹೇಳುವ ಎತ್ತರವನ್ನು ನಂಬದೆ, ಟೇಪ್ ಹಿಡಿದು ನೀರಿನ ಗೆರೆಯಿಂದ ನೀವೇ ಅಳೆಯಬೇಕು.

ಮೂರನೆಯದು ಬಹಾಮಾಸ್. ಮಯಾಮಿಯಿಂದ ಬಿಮಿನಿ ದ್ವೀಪ ಸುಮಾರು 45 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿಲೋಮೀಟರ್). ದೂರ ಹೆಚ್ಚೇನಲ್ಲ, ಆದರೆ ನಡುವೆ ಗಲ್ಫ್ ಸ್ಟ್ರೀಮ್ ಎಂಬ ಸಮುದ್ರ ಪ್ರವಾಹ ಉತ್ತರಕ್ಕೆ ಹರಿಯುತ್ತದೆ. ಎದುರಿನಿಂದ ಉತ್ತರದ ಗಾಳಿ ಬೀಸಿದರೆ ಅಲೆಗಳು ಗೋಡೆಯಂತೆ ಕಡಿದಾಗಿ ಏಳುತ್ತವೆ. ಅಂಥ ದಿನ ಬಂದರಿನಲ್ಲೇ ಕುಳಿತು ರೊಟ್ಟಿ ತಿನ್ನುವುದು ಜಾಣತನ. ಈ ದಾಟುವಿಕೆ ನಿಮ್ಮ ಯೋಜನೆಯಲ್ಲಿದ್ದರೆ ಬ್ರಿಡ್ಜ್‌ಡೆಕ್‌ನ ಎತ್ತರ ನಿಮಗೆ ಎಲ್ಲಕ್ಕಿಂತ ಮುಖ್ಯವಾಗುತ್ತದೆ. ಒಳನಾಡಿನ ಕಾಲುವೆಯಷ್ಟೇ ಸಾಕೆನ್ನುವವರು ಆ ವಿಷಯದಲ್ಲಿ ಸ್ವಲ್ಪ ಸಡಿಲ ಬಿಡಬಹುದು.

ಅಗಲವನ್ನು ಮಾತ್ರ ಯಾರೂ ಸಡಿಲ ಬಿಡುವಂತಿಲ್ಲ. ನಲವತ್ತು ಅಡಿಯ ಆಸುಪಾಸಿನ ಕಟಮರನ್‌ಗಳು 16ರಿಂದ 22 ಅಡಿಯಷ್ಟು ಅಗಲವಿರುತ್ತವೆ. ದೋಣಿ ಕಟ್ಟಲು ಬಾಡಿಗೆಗೆ ಜಾಗ ಕೊಡುವ ಎಷ್ಟೋ ಮರೀನಾಗಳು ಇವುಗಳಿಗೆ ಒಂದೂವರೆ ಅಥವಾ ಎರಡು ಪಟ್ಟು ಬಾಡಿಗೆ ಕೇಳುತ್ತವೆ. ದೋಣಿಯನ್ನು ದಡಕ್ಕೆ ಎತ್ತುವ ಟ್ರಾವೆಲ್ ಲಿಫ್ಟ್ ಎಲ್ಲ ಕಡೆಯೂ ಅಷ್ಟು ಅಗಲದ್ದಿರುವುದಿಲ್ಲ. ನೀವು ತಂಗಲಿರುವ ಊರಿನ ಸುತ್ತ ಯಾವ ಯಾರ್ಡ್ ನಿಮ್ಮ ಅಗಲವನ್ನು ಎತ್ತಬಲ್ಲದು ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಭಾರದ ಲೆಕ್ಕ

ಗಣಿಗಾರಿಕೆ ಜೋರಾಗಿದ್ದ ಕಾಲದಲ್ಲಿ ಬಳ್ಳಾರಿ–ಹೊಸಪೇಟೆ ರಸ್ತೆಯಲ್ಲಿ ಓಡಾಡಿದವರಿಗೆ ಓವರ್‌ಲೋಡ್ ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಹತ್ತು ಟನ್ನಿನ ಲಾರಿಗೆ ಹೆಚ್ಚು ಅದಿರು ತುಂಬಿದರೆ ಅದು ಹೋಗುತ್ತದೆ. ಆದರೆ ಟೈರು, ಬ್ರೇಕು, ಡೀಸೆಲ್ ಎಲ್ಲದರಲ್ಲೂ ದಂಡ ತೆರುತ್ತದೆ. ಕಟಮರನ್ ಇನ್ನೂ ಸೂಕ್ಷ್ಮ.

36 ಅಡಿಯ ದೋಣಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ನೀರಿನ ಮಟ್ಟದಲ್ಲಿ ಒಂದೊಂದು ಒಡಲೂ ಸುಮಾರು 10.5 ಮೀಟರ್ ಉದ್ದ, 1.4 ಮೀಟರ್ ಅಗಲ ಇರಲಿ. ಎರಡು ತುದಿಗಳೂ ಚೂಪಾಗುವುದರಿಂದ ಮುಕ್ಕಾಲು ಪಾಲು ಹಿಡಿದರೆ, ಎರಡೂ ಸೇರಿ ಸುಮಾರು 22 ಚದರ ಮೀಟರ್ ಆಯಿತು. ಎಂದರೆ ಸುಮಾರು 225 ಕಿಲೋ ಹೇರಿದರೆ ದೋಣಿ ಒಂದು ಸೆಂಟಿಮೀಟರ್ ಇಳಿಯುತ್ತದೆ. ಎರಡು ಟನ್ ಹೇರಿದರೆ ಒಂಬತ್ತು ಸೆಂಟಿಮೀಟರ್. ಎರಡು ಟನ್ ಎಲ್ಲಿಂದ ಬರುತ್ತದೆ ಎನ್ನಬೇಡಿ. ಒಂದು ಲೀಟರ್ ನೀರು ಒಂದು ಕಿಲೋ, ಡೀಸೆಲ್ ಸುಮಾರು 840 ಗ್ರಾಂ. 500 ಲೀಟರ್ ನೀರು, 900 ಲೀಟರ್ ಡೀಸೆಲ್ ತುಂಬಿದರೆ ಅಲ್ಲಿಗೇ 1,250 ಕಿಲೋ ದಾಟಿತು. ಅದರ ಮೇಲೆ ಹಿಂದಿನ ಮಾಲೀಕ ಹಾಕಿಸಿದ ಜನರೇಟರ್, ಮೋಟರ್ ಸಹಿತ ಚಿಕ್ಕ ರಬ್ಬರ್ ದೋಣಿ, ಹಳೆಯ ಸೀಸದ ಬ್ಯಾಟರಿಗಳು, ಅವನು ಬಿಟ್ಟುಹೋದ ಬಿಡಿಭಾಗಗಳು. ಕೊನೆಗೆ ನಮ್ಮ ಸೋನಾ ಮಸೂರಿ ಚೀಲ, ಜೋಳದ ಹಿಟ್ಟು, ಒರಳುಕಲ್ಲು. (ಒರಳುಕಲ್ಲಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಆದ ವಾದವನ್ನು ನಾನು ಸೋತಿದ್ದೇನೆ. ಅದು ಈಗಲೂ ದೋಣಿಯಲ್ಲೇ ಇದೆ.)

ಈ ಒಂಬತ್ತು ಸೆಂಟಿಮೀಟರ್ ಮಾಡುವ ಹಾನಿ ಎರಡು ಬಗೆಯದು. ಒಡಲಿನ ಹೆಚ್ಚು ಭಾಗ ನೀರಿಗೆ ತಾಗಿ ಎಳೆತ ಹೆಚ್ಚುತ್ತದೆ, ಡೀಸೆಲ್ ಕುಡಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಬ್ರಿಡ್ಜ್‌ಡೆಕ್ ಮತ್ತು ನೀರಿನ ನಡುವಿನ ಅಂತರ ಕುಗ್ಗುತ್ತದೆ. ದೋಣಿಯ ಉದ್ದದ ಶೇ 5ರಷ್ಟಾದರೂ ಆ ಅಂತರವಿರಬೇಕು ಎಂಬುದು ಬಳಕೆಯಲ್ಲಿರುವ ಒಂದು ಕೈಲೆಕ್ಕ. 40 ಅಡಿಗೆ 2 ಅಡಿ. ಅದಕ್ಕಿಂತ ಕಡಿಮೆಯಾದರೆ ಎದುರಲೆ ಬಂದಾಗ ನೀರು ಕೆಳಗಿನಿಂದ ನೆಲಕ್ಕೆ ಧಡ್ ಎಂದು ಬಡಿಯುತ್ತದೆ. ಇದನ್ನು ಸ್ಲ್ಯಾಮಿಂಗ್ ಎನ್ನುತ್ತಾರೆ. ಆ ಸದ್ದಿಗೆ ಮೊದಲ ದಿನವೇ ಮನೆಯವರು "ಇನ್ನ ಸಾಕ್ರಿ, ದಡಕ್ಕ ಹೋಗೋಣು" ಎಂದರೆ ತಪ್ಪು ಅವರದಲ್ಲ.

ಹೀಗಾಗಿ ಮಾರಾಟದ ದೋಣಿಯ ಬಳಿಗೆ ಹೋದಾಗ ಒಳಗೆ ಕಾಲಿಡುವ ಮೊದಲು ಸುತ್ತಲೂ ನಡೆದು ನೋಡಿ. ಒಡಲಿನ ಕೆಳಭಾಗಕ್ಕೆ ಪಾಚಿನಿರೋಧಕ ಬಣ್ಣವಿರುತ್ತದೆ, ಅದರ ಮೇಲೆ ಒಂದು ಗೆರೆ. ಆ ಗೆರೆ ನೀರಿನಿಂದ ಎಷ್ಟು ಮೇಲಿದೆ, ಎರಡೂ ಒಡಲುಗಳಲ್ಲಿ ಸಮವಿದೆಯೇ, ಹಿಂಬದಿ ಕುಳಿತಿದೆಯೇ ಎಂದು ನೋಡಿ. ಗೆರೆಯನ್ನು ಒಮ್ಮೆ ಮೇಲಕ್ಕೆ ಏರಿಸಿ ಬಣ್ಣ ಹೊಡೆದ ಗುರುತಿದ್ದರೆ, ದೋಣಿ ತೂಕ ಹೆಚ್ಚಿಸಿಕೊಂಡ ಕತೆ ಅಲ್ಲೇ ಬರೆದಿದೆ. ಟ್ಯಾಂಕ್‌ಗಳು ಆಗ ತುಂಬಿವೆಯೋ ಖಾಲಿಯೋ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಖಾಲಿ ಟ್ಯಾಂಕ್ ಇದ್ದೂ ಗೆರೆ ಮುಳುಗಿದ್ದರೆ ಅಲ್ಲಿಂದ ಹಿಂದಿರುಗಬಹುದು.

ವೇಗ ಮತ್ತು ಡೀಸೆಲ್

ಸಾಮಾನ್ಯ ದಪ್ಪ ಒಡಲಿನ ದೋಣಿಗೆ ಒಂದು ಸಹಜ ವೇಗಮಿತಿ ಇದೆ: ನೀರಿನ ಮಟ್ಟದ ಉದ್ದವನ್ನು ಅಡಿಗಳಲ್ಲಿ ಹಿಡಿದು ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಅದು ನಾಟ್‌ಗಳಲ್ಲಿ, ಎಂದರೆ ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಎಂಬ ಲೆಕ್ಕದಲ್ಲಿ, ಬರುತ್ತದೆ. 36 ಅಡಿಗೆ ಸುಮಾರು 8 ನಾಟ್. ಗಂಟೆಗೆ 15 ಕಿಲೋಮೀಟರ್ ಎನ್ನಿ. ಉದ್ದಕ್ಕೆ ಹೋಲಿಸಿದರೆ ತೀರ ಸಪೂರವಾದ, ಎಂಟಕ್ಕೆ ಒಂದು ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣದ ಒಡಲುಗಳು ಈ ಮಿತಿಗೆ ಅಷ್ಟಾಗಿ ಕಟ್ಟುಬೀಳುವುದಿಲ್ಲ. ಕಟಮರನ್ 12, 15 ನಾಟ್‌ಗೆ ಸರಾಗವಾಗಿ ಏರುವ ಗುಟ್ಟು ಇದೇ.

ಆದರೂ ಏರಿದಷ್ಟೂ ಖರ್ಚು. ಡೀಸೆಲ್ ಎಂಜಿನ್ ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ಕೊಡಲು ಸುಮಾರು 0.2 ಲೀಟರ್ ಉರಿಸುತ್ತದೆ. 8 ನಾಟ್‌ನಲ್ಲಿ ಎರಡೂ ಎಂಜಿನ್ ಸೇರಿ 40 ಅಶ್ವಶಕ್ತಿ ಬೇಕೆಂದುಕೊಂಡರೆ ಗಂಟೆಗೆ 8 ಲೀಟರ್, ನಾಟಿಕಲ್ ಮೈಲಿಗೆ ಒಂದು ಲೀಟರ್. 15 ನಾಟ್‌ಗೆ 150 ಅಶ್ವಶಕ್ತಿ ಬೇಕಾದರೆ ಗಂಟೆಗೆ 30 ಲೀಟರ್, ಮೈಲಿಗೆ ಎರಡು. ಪ್ರತಿ ದೋಣಿಯ ಅಂಕಿ ಬೇರೆ. ಆದರೆ ಈ ಲೆಕ್ಕವನ್ನು ಮಾರುವವರ ಮಾತಿನ ಪಕ್ಕದಲ್ಲಿಟ್ಟು ನೋಡಿದರೆ ಉತ್ಪ್ರೇಕ್ಷೆ ಬಯಲಾಗುತ್ತದೆ. ನಿವೃತ್ತರಿಗೆ ಎಂಟು ನಾಟ್ ದಿನನಿತ್ಯಕ್ಕೆ, ಹದಿನೈದು ಮಳೆಮೋಡದಿಂದ ತಪ್ಪಿಸಿಕೊಳ್ಳಲಿಕ್ಕೆ. ಇಪ್ಪತ್ತೈದು ನಾಟ್ ಓಡುವ ದೊಡ್ಡ ಎಂಜಿನ್‌ಗಳಿಗೆ ಹಣ ಕೊಡುವ ಅಗತ್ಯ ನನಗಂತೂ ಕಂಡಿಲ್ಲ.

ಹಳೆಯ ಮಾರುಕಟ್ಟೆಯ ಹೆಸರುಗಳು

ಕೆನಡಾದ ಆಂಟಾರಿಯೋದಲ್ಲಿ ತಯಾರಾಗುತ್ತಿದ್ದ ಪಿಡಿಕ್ಯೂ 34 ದಂಪತಿಗಳ ದೋಣಿ ಎಂದೇ ಹೆಸರಾಯಿತು: ಸುಮಾರು 17 ಅಡಿ ಅಗಲ, ತೇಲಲು ಎರಡೂಕಾಲು ಅಡಿ ನೀರು ಸಾಕು, ಎರಡು ಯಾನ್ಮಾರ್ ಡೀಸೆಲ್ ಎಂಜಿನ್. ತಯಾರಿಸಿದ ಕಂಪನಿ ಈಗಿಲ್ಲ, ಆದರೂ ಒಳ್ಳೆಯ ಸ್ಥಿತಿಯವು ಬೆಲೆ ಕಳೆದುಕೊಂಡಿಲ್ಲ. ಫ್ಲೋರಿಡಾದ ಎಂಡೆವರ್ ಟ್ರಾಲರ್‌ಕ್ಯಾಟ್ 36 ಇನ್ನೂ ಕಡಿಮೆ ಅಗಲದ್ದು, ಮರೀನಾದಲ್ಲಿ ಜಾಗ ಸುಲಭ. ಅದರ 44 ಅಡಿಯದು ತೇಲುವ ಮನೆಯೇ ಸರಿ. ಫ್ರಾನ್ಸಿನ ಫೌಂಟೇನ್ ಪಜೋ ಕಂಪನಿಯ ಮೇರಿಲ್ಯಾಂಡ್ 37, ಲಗೂನ್‌ನ 43 ಮತ್ತು 44, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಕಟ್ಟಿದ ಲೆಪರ್ಡ್ 37 ಮತ್ತು 47 ಕೂಡ ಹಳೆಯ ಮಾರುಕಟ್ಟೆಯಲ್ಲಿ ಕಾಣುತ್ತವೆ. ಚೀನಾದಲ್ಲಿ ತಯಾರಾಗುವ ಅಕ್ವಿಲಾ ಇವುಗಳಿಗಿಂತ ಈಚಿನದು, ದುಬಾರಿ.

ಇವುಗಳಲ್ಲಿ ಕೆಲವು ಬಾಡಿಗೆ ಕಂಪನಿಗಳಲ್ಲಿ ದುಡಿದು ಬಂದವು. ಬಾಡಿಗೆಗೆ ಓಡಿದ ಟ್ಯಾಕ್ಸಿಯನ್ನು ಕೊಳ್ಳುವಾಗ ನಾವು ಏನೇನು ನೋಡುತ್ತೇವೋ ಅದನ್ನೇ ಇಲ್ಲೂ ನೋಡಬೇಕು: ಎಂಜಿನ್ ಗಂಟೆಗಳು ಹೆಚ್ಚಿರುತ್ತವೆ, ಒಳಾಂಗಣ ಸವೆದಿರುತ್ತದೆ, ಆದರೆ ಸರ್ವಿಸ್ ದಾಖಲೆ ಸಾಮಾನ್ಯವಾಗಿ ಇರುತ್ತದೆ. ಇಪ್ಪತ್ತು ವರ್ಷದಲ್ಲಿ 400 ಗಂಟೆ ಮಾತ್ರ ಓಡಿದ ಎಂಜಿನ್‌ಗಿಂತ, ಹತ್ತು ವರ್ಷದಲ್ಲಿ 3,000 ಗಂಟೆ ಓಡಿ ಕಾಲಕಾಲಕ್ಕೆ ಎಣ್ಣೆ ಕಂಡ ಎಂಜಿನ್ ನನಗೆ ಮೇಲು. ಉಪ್ಪುನೀರಿನಲ್ಲಿ ನಿಂತ ಯಂತ್ರ ಓಡಿದ ಯಂತ್ರಕ್ಕಿಂತ ಬೇಗ ಕೊಳೆಯುತ್ತದೆ.

ಇಬ್ಬರ ಮೈಗೆ ಒಗ್ಗುವುದು

ದೋಣಿ ನೋಡಲು ಇಬ್ಬರೂ ಹೋಗಬೇಕು, ಇಬ್ಬರೂ ಎಲ್ಲವನ್ನೂ ಮಾಡಿ ನೋಡಬೇಕು. ಒಡಲಿನೊಳಗಿನ ಮಲಗುವ ಕೋಣೆಗೆ ಇಳಿಯುವ ಮೆಟ್ಟಿಲು ಎಷ್ಟು ಕಡಿದು, ರಾತ್ರಿ ಎದ್ದಾಗ ಒಬ್ಬರ ಮೇಲೊಬ್ಬರು ಹತ್ತಿ ಇಳಿಯಬೇಕೇ, ಫ್ಲೈಬ್ರಿಡ್ಜ್ ಏಣಿಯನ್ನು ಒಂದು ಕೈಯಲ್ಲಿ ಲೋಟ ಹಿಡಿದು ಇಳಿಯಲು ಆಗುತ್ತದೆಯೇ, ಮುಂಭಾಗಕ್ಕೆ ಹೋಗುವ ಪಕ್ಕದ ದಾರಿಯಲ್ಲಿ ಹಿಡಿಯಲು ಸರಳುಗಳಿವೆಯೇ ಎಂದು ನೋಡಿ. ಎಂಜಿನ್ ಕೋಣೆಗೆ ಇಳಿದು ಎಣ್ಣೆ ನೋಡಿ, ತಂಪುನೀರು ಎಳೆಯುವ ಪಂಪಿನ ರೆಕ್ಕೆಚಕ್ರ, ಎಂದರೆ ಇಂಪೆಲ್ಲರ್‌ನ ಮುಚ್ಚಳಕ್ಕೆ ಕೈ ಮುಟ್ಟಿಸಿ ಹತ್ತಿ ಬನ್ನಿ. ಕೆಲವು ಮಾದರಿಗಳಲ್ಲಿ ಎಂಜಿನ್ ಹಿಂದಿನ ಹಾಸಿಗೆಯ ಕೆಳಗಿರುತ್ತದೆ. ದಿನಾ ಬೆಳಿಗ್ಗೆ ಹಾಸಿಗೆ ಎತ್ತಿ ಎಣ್ಣೆ ನೋಡುವವರು ಕಡಿಮೆ. ಅಂಥ ದೋಣಿಯ ಎಂಜಿನ್ ಹಿಂದಿನ ಮಾಲೀಕನ ಕಾಲದಲ್ಲೂ ಹಾಗೆಯೇ ನಿರ್ಲಕ್ಷ್ಯಕ್ಕೆ ಒಳಗಾಗಿರುತ್ತದೆ ಎಂದು ಊಹಿಸಬಹುದು.

ಇಬ್ಬರಲ್ಲಿ ಒಬ್ಬರಿಗೆ ಮೈ ಸರಿಯಿಲ್ಲದಾದರೆ ಇನ್ನೊಬ್ಬರು ಒಂಟಿಯಾಗಿ ದೋಣಿಯನ್ನು ದಡ ಸೇರಿಸಬಲ್ಲರೇ ಎಂಬುದು ನಿಜವಾದ ಪರೀಕ್ಷೆ. ಇಲ್ಲಿ ಕಟಮರನ್ ನಮ್ಮ ಪರವಾಗಿದೆ. ಎರಡು ಪ್ರೊಪೆಲ್ಲರ್‌ಗಳು ಹತ್ತು ಹನ್ನೆರಡು ಅಡಿ ದೂರವಿರುವುದರಿಂದ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಹಾಕಿದರೆ ದೋಣಿ ನಿಂತಲ್ಲೇ ತಿರುಗುತ್ತದೆ. ನಮ್ಮ ಮನೆಯವರು ಚುಕ್ಕಾಣಿ ಮುಟ್ಟದೆ ಎರಡು ಲೀವರ್‌ಗಳಲ್ಲೇ ದಡಕ್ಕೆ ತರುವುದನ್ನು ಎರಡು ದಿನದಲ್ಲಿ ಕಲಿತರು. ಲಂಗರು ಎತ್ತುವ ವಿಂಡ್‌ಲಾಸ್‌ನ ಗುಂಡಿ ಚುಕ್ಕಾಣಿಯ ಬಳಿಯೂ ಇರಲಿ.

ಒಡಲನ್ನು ತಟ್ಟಿ ನೋಡುವುದು

ತೂಕ ಉಳಿಸಲು ಕಟಮರನ್‌ಗಳನ್ನು ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರ ಅಥವಾ ಫೋಮ್ ಇಟ್ಟು ಕಟ್ಟುತ್ತಾರೆ. ಗಟ್ಟಿಯಾಗಿರುವವರೆಗೆ ಇದು ಅದ್ಭುತ. ಒಂದು ಮೊಳೆಯ ತೂತಿನಿಂದ ನೀರು ಇಳಿದರೆ ಬಾಲ್ಸಾ ಒಳಗೊಳಗೇ ಕೊಳೆತು ಗಂಜಿಯಾಗುತ್ತದೆ. ಹಲಸು ಹಣ್ಣಾಗಿದೆಯೇ ಎಂದು ತಟ್ಟಿ ತಿಳಿಯುವ ಹಾಗೆ, ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು. ಒಳ್ಳೆಯ ಕಡೆ ಟಣ್ ಎನ್ನುತ್ತದೆ, ಪದರ ಬಿಟ್ಟ ಕಡೆ ಬೊದಬೊದ ಎನ್ನುತ್ತದೆ. ಕಂಬಿಗಳ ಬುಡ, ಕಿಟಕಿಯ ಅಂಚು, ಲಂಗರಿನ ಯಂತ್ರದ ಸುತ್ತ, ರಬ್ಬರ್ ದೋಣಿ ತೂಗುಹಾಕುವ ಕೈಗಳ ಕೆಳಗೆ ಮೊದಲು ತಟ್ಟಿ.

ಇನ್ನೊಂದು ಜಾಗ ಕಟಮರನ್‌ಗೇ ವಿಶಿಷ್ಟ. ಎರಡು ಒಡಲುಗಳು ಬೇರೆ ಬೇರೆ ಅಲೆಗಳ ಮೇಲಿರುವಾಗ ತಿರುಚುವ ಬಲವೆಲ್ಲ ಬ್ರಿಡ್ಜ್‌ಡೆಕ್ ಮತ್ತು ಅಡ್ಡಗೋಡೆಗಳ ಬೆಸುಗೆಗೆ ಬೀಳುತ್ತದೆ. ಕಪಾಟುಗಳನ್ನು ಖಾಲಿ ಮಾಡಿಸಿ, ಟಾರ್ಚ್ ಹಾಕಿ, ಅಡ್ಡಗೋಡೆ ಒಡಲಿಗೆ ಸೇರುವ ಮೂಲೆಗಳಲ್ಲಿ ಬಿರುಕು ಅಥವಾ ಬಿಟ್ಟುಕೊಂಡ ಪಟ್ಟಿ ಇದೆಯೇ ನೋಡಿ. ಬಾಗಿಲೊಂದು ಮುಚ್ಚುವಾಗ ಉಜ್ಜುತ್ತಿದ್ದರೆ ಯಾಕೆಂದು ಕೇಳಿ. ಒಡಲಿನ ಹೊರಗಿನ ಬೊಕ್ಕೆಗಳಿಗೆ ಜನ ಬಹಳ ಹೆದರುತ್ತಾರೆ; ನಾಲ್ಕಾರು ಇದ್ದರೆ ಬೆಲೆ ಇಳಿಸಲು ನೆಪವಾದೀತು, ದೋಣಿ ಬಿಡಲು ಕಾರಣವಾಗದು.

ಎಂಜಿನ್‌ಗಳು: ಜೋಡೆತ್ತಿನ ಪರೀಕ್ಷೆ

ಇಲ್ಲಿ ನಾನು ಎಡವಿದ್ದನ್ನೇ ಮೊದಲು ಹೇಳುತ್ತೇನೆ. ನಿಮಿಷಕ್ಕೆ ನೂರರ ಆಸುಪಾಸು ಸುತ್ತು ತಿರುಗುವ ಹಡಗಿನ ಎಂಜಿನ್‌ಗಳ ಜೊತೆ ಬಾಳಿದವನಿಗೆ 3,800 ಸುತ್ತಿನ ಪುಟ್ಟ ಡೀಸೆಲ್ ಯಾವ ಲೆಕ್ಕ ಎಂಬ ಜಂಬದಲ್ಲಿ ಪರಿಣತರಿಂದ ಪ್ರತ್ಯೇಕ ಎಂಜಿನ್ ಸರ್ವೆ, ಎಂದರೆ ತಪಾಸಣೆ, ಮಾಡಿಸಲಿಲ್ಲ. ಕೊಂಡ ಎರಡನೇ ತಿಂಗಳಲ್ಲಿ ಎಡ ಎಂಜಿನ್‌ನ ಎಕ್ಸಾಸ್ಟ್ ಎಲ್ಬೋ, ಎಂದರೆ ಬಿಸಿ ಹೊಗೆ ಮತ್ತು ತಂಪಿನ ಸಮುದ್ರನೀರು ಸೇರುವ ಆ ಮೊಣಕೈ, ಒಳಗಿನಿಂದ ತುಕ್ಕು ತಿಂದು ತೂತಾಗಿ ನೀರು ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊಗೆ ನುಗ್ಗಿತು. ಹೊರಗಿನಿಂದ ಅದಕ್ಕೆ ಹೊಸ ಬಿಳಿ ಬಣ್ಣ ಬಳಿದಿದ್ದರು. ಆ ಭಾಗವನ್ನು ಬಿಚ್ಚಿ ನೋಡಲು ಒಬ್ಬ ಮೆಕ್ಯಾನಿಕ್‌ಗೆ ಅರ್ಧ ದಿನ ಸಾಕಿತ್ತು.

ಎಂಜಿನ್ ನೋಡಲು ಹೋಗುವಾಗ, "ನಾವು ಬರುವ ಮುನ್ನ ಚಾಲೂ ಮಾಡಬೇಡಿ" ಎಂದು ಮಾರುವವರಿಗೆ ಮೊದಲೇ ತಿಳಿಸಿ. ತಲುಪಿದ ಕೂಡಲೇ ಎಂಜಿನ್ ಮೇಲೆ ಅಂಗೈ ಇಡಿ; ಬೆಚ್ಚಗಿದ್ದರೆ ಯಾರೋ ತಣ್ಣಗಿನ ಸ್ಟಾರ್ಟನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ. ತಣ್ಣಗಿದ್ದಾಗ ಹೊಗೆ ಹೇಗೆ ಬರುತ್ತದೆ ಎಂಬುದೇ ನೋಡಬೇಕಾದ್ದು: ಕ್ಷಣಕಾಲದ ಬಿಳಿಹೊಗೆ ಸಹಜ, ನಿಲ್ಲದ ಬಿಳಿಹೊಗೆ ಉರಿಯದ ಇಂಧನ ಅಥವಾ ಒಳಸೇರಿದ ನೀರು, ನೀಲಿ ಎಂದರೆ ಎಣ್ಣೆ ಉರಿಯುತ್ತಿದೆ, ಕಪ್ಪು ಎಂದರೆ ಮಿತಿಮೀರಿದ ಹೊರೆ ಅಥವಾ ಸಾಲದ ಗಾಳಿ.

ಎರಡು ಎಂಜಿನ್ ಇರುವುದರ ದೊಡ್ಡ ಲಾಭ ಹೋಲಿಕೆ. ಜೋಡೆತ್ತು ಕೊಳ್ಳುವ ರೈತ ಎರಡನ್ನೂ ನೊಗಕ್ಕೆ ಕಟ್ಟಿ ನಡೆಸಿ ನೋಡುವಂತೆ, ಒಂದೇ ಸುತ್ತಿನಲ್ಲಿ ಎರಡನ್ನೂ ಓಡಿಸಿ ತಾಪ, ಎಣ್ಣೆಯ ಒತ್ತಡ, ಹೊಗೆಯ ಬಣ್ಣ ಪಕ್ಕಪಕ್ಕದಲ್ಲಿ ಬರೆಯಿರಿ. ಗುರಿಹಿಡಿದು ತಾಪ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಎರಡೂ ಎಂಜಿನ್‌ಗಳ ಅದೇ ಅದೇ ಜಾಗಗಳನ್ನು ಅಳೆಯಿರಿ. ಒಂದು ಇನ್ನೊಂದಕ್ಕಿಂತ ಹತ್ತು ಡಿಗ್ರಿ ಬಿಸಿಯಿದ್ದರೆ ಎಂಜಿನ್ನಿನ ಬಿಸಿಯನ್ನು ಸಮುದ್ರನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಕಟ್ಟಿಕೊಂಡಿರಬಹುದು. ಟರ್ಬೊದಿಂದ ಬರುವ ಗಾಳಿಯನ್ನು ಸಮುದ್ರನೀರಿನಿಂದ ತಂಪು ಮಾಡುವ ಆಫ್ಟರ್‌ಕೂಲರ್ ಇದ್ದರೆ ಅದನ್ನು ಕೊನೆಯ ಬಾರಿ ಬಿಚ್ಚಿ ತೊಳೆದ ಬಿಲ್ ಕೇಳಿ. ಎರಡು ಮೂರು ವರ್ಷಕ್ಕೊಮ್ಮೆ ಆಗಬೇಕಾದ ಈ ಕೆಲಸವನ್ನು ಮಾಡಿಸದವರೇ ಹೆಚ್ಚು. ಸೇಲ್‌ಡ್ರೈವ್, ಎಂದರೆ ಒಡಲಿನ ತಳದ ತೂತಿನಿಂದ ನೇರ ಕೆಳಕ್ಕಿಳಿದು ಪ್ರೊಪೆಲ್ಲರ್ ತಿರುಗಿಸುವ ಕಾಲು, ಇದ್ದರೆ ಆ ತೂತನ್ನು ಮುಚ್ಚಿರುವ ರಬ್ಬರ್ ಡಯಾಫ್ರಮ್‌ನ ವಯಸ್ಸು ಕೇಳಿ. ಅದಕ್ಕೂ ಬದಲಿಸುವ ಅವಧಿ ಇದೆ.

ಎರಡೂ ಎಂಜಿನ್, ಎರಡೂ ಗೇರ್‌ಬಾಕ್ಸ್ ಮತ್ತು ಜನರೇಟರ್‌ನ ಎಣ್ಣೆಯ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿ. ಕಬ್ಬಿಣ, ತಾಮ್ರ, ಸೀಸದ ಅಂಶ ಸವಕಳಿಯನ್ನು ಹೇಳುತ್ತದೆ, ಸೋಡಿಯಂ ಹೆಚ್ಚಿದ್ದರೆ ಉಪ್ಪುನೀರು ಒಳಗೆ ಸೇರಿರುವ ಅನುಮಾನ. ಎಣ್ಣೆಯನ್ನು ನಿನ್ನೆಯಷ್ಟೇ ಬದಲಿಸಿದ್ದರೆ ಪರೀಕ್ಷೆ ಏನನ್ನೂ ಹೇಳದು. ಬದಲಿಸಿದ್ದೇಕೆ ಎಂದು ಕೇಳಬಹುದು.

ವಿದ್ಯುತ್, ಟ್ಯಾಂಕ್, ಅಡುಗೆಮನೆ

ವೈರ್‌ಗಳು ತವರ ಲೇಪಿಸಿದ ತಾಮ್ರದ್ದಾಗಿರಬೇಕು. ಪ್ಯಾನಲ್ ಹಿಂದೆ ತೆಗೆದು ನೋಡಿದಾಗ ಹಿಂದಿನ ಮಾಲೀಕರ ಕೈಚಳಕದ ಗಂಟುಗಳು ಕಂಡರೆ ಇಡೀ ವೈರಿಂಗ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಹಳೆಯ ಸೀಸದ ಬ್ಯಾಟರಿಯೊಂದು 100 ಆಂಪಿಯರ್-ಅವರ್‌ಗೆ ಸುಮಾರು 30 ಕಿಲೋ, ಲಿಥಿಯಂ ಐರನ್ ಫಾಸ್ಫೇಟ್ ಅದರ ಅರ್ಧಕ್ಕಿಂತ ಕಡಿಮೆ. ಬದಲಿಸಿದರೆ ದೋಣಿ ಹಗುರಾಗುತ್ತದೆ. ಅಲ್ಯುಮಿನಿಯಂ ಡೀಸೆಲ್ ಟ್ಯಾಂಕ್‌ನ ತಳದಲ್ಲಿ ಬಿಳಿಪುಡಿಯ ಕಲೆಗಳಿದ್ದರೆ ಅದು ತೂತಾಗುವ ಹಾದಿಯಲ್ಲಿದೆ. ಟ್ಯಾಂಕ್ ಹೊರತೆಗೆಯಲು ನೆಲ ಕೊಯ್ಯಬೇಕಾಗುತ್ತದೆಯೇ ಎಂದು ಕೇಳಿ.

ಗ್ಯಾಸ್ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಿಂದ ಹೊರಕ್ಕೆ ತೂತಿರಲೇಬೇಕು, ಏಕೆಂದರೆ ಆ ಗ್ಯಾಸ್ ಗಾಳಿಗಿಂತ ಭಾರವಾಗಿದ್ದು ಸೋರಿದರೆ ಒಡಲಿನ ತಳಕ್ಕೇ ಇಳಿಯುತ್ತದೆ. ಅಮೆರಿಕದ ದೋಣಿಗಳಲ್ಲಿ ವಿದ್ಯುತ್ 120 ವೋಲ್ಟ್, 60 ಹರ್ಟ್ಜ್. ಊರಿನಿಂದ ಹೊತ್ತೊಯ್ದ 230 ವೋಲ್ಟ್ ಮಿಕ್ಸಿ ಅಲ್ಲಿ ಶೇಂಗಾ ಚಟ್ನಿ ಅರೆಯುವುದಿಲ್ಲ.

ಕರಾರು, ಸರ್ವೆ, ಪರೀಕ್ಷಾ ಓಟ

ಬೆಲೆ ಒಪ್ಪಿದ ಮೇಲೆ ಸಾಮಾನ್ಯವಾಗಿ ಶೇ 10ರಷ್ಟು ಮುಂಗಡವನ್ನು ದಲ್ಲಾಳಿಯ ಎಸ್ಕ್ರೋ ಖಾತೆಯಲ್ಲಿ, ಎಂದರೆ ವ್ಯವಹಾರ ಮುಗಿಯುವವರೆಗೆ ಹಣ ಕಾದಿಡುವ ಖಾತೆಯಲ್ಲಿ, ಇಡುತ್ತಾರೆ. ಸರ್ವೆ ಮತ್ತು ಸಮುದ್ರದ ಪರೀಕ್ಷಾ ಓಟ ನಿಮಗೆ ತೃಪ್ತಿ ತರದಿದ್ದರೆ ಮುಂಗಡ ವಾಪಸ್ ಎಂಬ ಷರತ್ತು, ಮತ್ತು ನೀವು ಒಪ್ಪಿಗೆ ತಿಳಿಸಬೇಕಾದ ದಿನಾಂಕ, ಎರಡೂ ಕರಾರಿನಲ್ಲಿ ಅಕ್ಷರದಲ್ಲಿರಬೇಕು. ಸರ್ವೇಯರ್ ಎಂದರೆ ನಮ್ಮಲ್ಲಿ ಹೊಲ ಅಳೆಯುವವರು. ಅಲ್ಲಿ ದೋಣಿಯ ವೈದ್ಯರು. ಅಮೆರಿಕದಲ್ಲಿ ಸ್ಯಾಮ್ಸ್ ಅಥವಾ ನ್ಯಾಮ್ಸ್ ಎಂಬ ಸರ್ವೇಯರ್‌ಗಳ ಸಂಘದ ಮಾನ್ಯತೆ ಇರುವ, ಕಟಮರನ್‌ಗಳನ್ನು ನೋಡಿ ಪಳಗಿದವರನ್ನು ನೀವೇ ಹುಡುಕಿ ಹಣ ಕೊಡಿ, ದಲ್ಲಾಳಿ ಸೂಚಿಸಿದವರನ್ನು ಬೇಡ. ಎಂಜಿನ್ ಸರ್ವೆ ಬೇರೆಯವರಿಂದಲೇ ಆಗಲಿ. ಸರ್ವೆಯ ಇಡೀ ದಿನ ನೀವು ಪಕ್ಕದಲ್ಲಿರಿ. ವರದಿಯ ಹಾಳೆಗಿಂತ ಸರ್ವೇಯರ್ ನಡುನಡುವೆ ಗೊಣಗುವ ಮಾತು ಹೆಚ್ಚು ಹೇಳುತ್ತದೆ.

ದೋಣಿಯನ್ನು ದಡಕ್ಕೆ ಎತ್ತಿದಾಗ ಪ್ರೊಪೆಲ್ಲರ್ ಅಂಚು, ಶಾಫ್ಟ್ ಮತ್ತು ಬೇರಿಂಗ್‌ನ ಸಡಿಲ, ಚುಕ್ಕಾಣಿಯ ಅಲುಗಾಟ, ಒಡಲಿನ ತೂತುಗಳಲ್ಲಿರುವ ಕವಾಟಗಳ ಲೋಹ ನೋಡಿ. ಹಿತ್ತಾಳೆಯ ಕವಾಟದಿಂದ ಸತುವು ಕರಗಿ ಹೋದರೆ ಅದು ಗುಲಾಬಿ ಬಣ್ಣಕ್ಕೆ ತಿರುಗಿ ಬಿಸ್ಕತ್ತಿನಂತೆ ಮುರಿಯುತ್ತದೆ. ಕಂಚಿನದಿದ್ದರೆ ನೆಮ್ಮದಿ.

ಪರೀಕ್ಷಾ ಓಟ ಒಂದು ಗಂಟೆಗಿಂತ ಕಡಿಮೆ ಇರಬಾರದು. ಪೂರ್ತಿ ಥ್ರಾಟಲ್ ಕೊಟ್ಟಾಗ ತಯಾರಕರು ಹೇಳಿದ ಗರಿಷ್ಠ ಸುತ್ತನ್ನು ಎಂಜಿನ್ ಮುಟ್ಟಬೇಕು. ಮುಟ್ಟದಿದ್ದರೆ ತಳದಲ್ಲಿ ಪಾಚಿ ಇದೆ, ಪ್ರೊಪೆಲ್ಲರ್ ಹೊಂದುವುದಿಲ್ಲ, ಎಂಜಿನ್ ಸೋತಿದೆ, ಅಥವಾ ದೋಣಿ ಭಾರವಾಗಿದೆ. ಸಾಧ್ಯವಿದ್ದರೆ ತುಂಬಿದ ಟ್ಯಾಂಕ್‌ಗಳೊಂದಿಗೆ, ಸ್ವಲ್ಪ ಅಲೆ ಇರುವ ದಿನ ಹೋಗಿ. ಕನ್ನಡಿಯಂಥ ನೀರಿನಲ್ಲಿ ಬ್ರಿಡ್ಜ್‌ಡೆಕ್‌ನ ದೋಷ ಕಾಣುವುದೇ ಇಲ್ಲ.

ಹಣ, ಕಾಗದ, ವಿಮೆ

ಭಾರತದಲ್ಲಿ ವಾಸಿಸುವ ವ್ಯಕ್ತಿ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. ವಿದೇಶದಲ್ಲಿರುವವರಿಗೆ ಉಡುಗೊರೆ ಕೊಡುವುದೂ ಅದರಲ್ಲಿ ಸೇರುತ್ತದೆ. ಶಿಕ್ಷಣ, ಚಿಕಿತ್ಸೆ, ಪ್ರವಾಸದ ಪ್ಯಾಕೇಜ್ ಹೊರತಾದ ಉದ್ದೇಶಗಳಿಗೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಶೇ 20 ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ಸಂಗ್ರಹಿಸುವ ತೆರಿಗೆ) ಹಿಡಿಯುತ್ತಾರೆ. ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದಾದರೂ ಅಷ್ಟು ಹಣ ಕೆಲವು ತಿಂಗಳು ಕೈಗೆ ಸಿಗದು. ಅಮೆರಿಕದ ಕೋಸ್ಟ್ ಗಾರ್ಡ್ ನೋಂದಣಿ ಅಲ್ಲಿನ ಪ್ರಜೆಗಳಿಗೆ ಮಾತ್ರ, ಆದ್ದರಿಂದ ನಮ್ಮ ದೋಣಿ ಮಗಳ ಹೆಸರಿನಲ್ಲಿದೆ. ಅಂಥ ನೋಂದಣಿಯಿರುವ ದೋಣಿಯ ಮೇಲಿನ ಸಾಲ, ಋಣಭಾರಗಳ ದಾಖಲೆ ಕೋಸ್ಟ್ ಗಾರ್ಡ್‌ನಿಂದ ಸಿಗುತ್ತದೆ, ಅದನ್ನು ತರಿಸದೆ ಹಣ ಕೊಡಬಾರದು. ಹಿಂಭಾಗದ ಬಲಗಡೆ ಕೊರೆದಿರುವ 12 ಅಕ್ಷರಗಳ ಒಡಲಿನ ಸಂಖ್ಯೆಯ ಕೊನೆಯ ಎರಡು ಅಂಕಿ ಮಾದರಿಯ ವರ್ಷವನ್ನು ಹೇಳುತ್ತವೆ. ಫ್ಲೋರಿಡಾದಲ್ಲಿ ಕೊಂಡು ಅಲ್ಲೇ ಇಟ್ಟರೆ ಶೇ 6 ಮಾರಾಟ ತೆರಿಗೆ, ಗರಿಷ್ಠ 18,000 ಡಾಲರ್.

ವಿಮೆಯನ್ನು ಕೊನೆಗೆ ಬಿಡಬೇಡಿ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆ ಅವಧಿಯಲ್ಲಿ ದೋಣಿ ಎಲ್ಲಿರಬೇಕು ಎಂದು ವಿಮಾ ಕಂಪನಿ ಷರತ್ತು ಹಾಕುವುದುಂಟು. ಫ್ಲೋರಿಡಾದ ಕಾನೂನು ದೋಣಿ ಓಡಿಸುವ ಸುರಕ್ಷತಾ ಕಾರ್ಡನ್ನು 1988ರ ಜನವರಿ 1 ಅಥವಾ ಆನಂತರ ಹುಟ್ಟಿದವರಿಗೆ ಮಾತ್ರ ಕೇಳುತ್ತದೆ, ನಮ್ಮಂಥವರಿಗೆ ವಿನಾಯಿತಿ. ವಿಮಾ ಕಂಪನಿಗೆ ಅಷ್ಟು ಔದಾರ್ಯವಿಲ್ಲ. ಅನುಭವವಿಲ್ಲದವರು ಕೆಲವು ಗಂಟೆ ವೃತ್ತಿಪರ ಕ್ಯಾಪ್ಟನ್ ಜೊತೆ ಓಡಿಸಬೇಕು ಎನ್ನುವುದುಂಟು, ಅದು ಒಳ್ಳೆಯದೇ. ಕೊಂಡ ಬೆಲೆಯ ಸುಮಾರು ಹತ್ತನೇ ಒಂದು ಭಾಗ ವರ್ಷವರ್ಷ ಖರ್ಚಾಗುತ್ತದೆ ಎಂದು ಹಿಡಿಯಿರಿ. ಮೊದಲ ವರ್ಷ ಅದಕ್ಕೂ ಹೆಚ್ಚು.

ದೋಣಿ ನಿಮ್ಮದಾದ ಮೇಲೆ ಮೊದಲ ವಾರ ಏನನ್ನೂ ಕೊಳ್ಳಬೇಡಿ, ಇಳಿಸಿ. ನಾವು ಕೊಂಡಾಗ ಹಿಂದಿನ ಮಾಲೀಕ ಬಿಟ್ಟಿದ್ದ ಮೂರು ಲಂಗರು, ಎರಡು ಸೈಕಲ್, ಹಳೆಯ ಬ್ಯಾಟರಿ, ಒಂದು ಪೂರ್ತಿ ಉಪಕರಣ ಪೆಟ್ಟಿಗೆ ಎಲ್ಲವನ್ನೂ ದಡಕ್ಕೆ ಹೊತ್ತು ಹಾಕಿದೆವು. ಸಂಜೆಗೆ ಬಲಗಡೆಯ ಒಡಲು ಒಂದೂವರೆ ಬೆರಳು ಮೇಲೆದ್ದಿತ್ತು. ನಾನು ಸೀಸದ ಕಡ್ಡಿಯಿಂದ ಅಲ್ಲೊಂದು ಗುರುತು ಹಾಕಿದೆ. ರಾಯಚೂರಿನ ಮಿತ್ರರಿಗೆ ಮೊನ್ನೆ ಕಳಿಸಿದ್ದು ಆ ಗುರುತಿನ ಚಿತ್ರ. ತಮ್ಮ ದೋಣಿಯ ಪಕ್ಕದ ಚಿತ್ರವನ್ನು ಅವರು ಮಾರುವವರಿಂದ ತರಿಸಿದ ಮೇಲೆ ಉಳಿದ ಮಾತು ಆಡುವುದೆಂದು ನಾವಿಬ್ಬರೂ ಒಪ್ಪಿದ್ದೇವೆ.